ಹೊಸ್ತಿಲಾಚೆಯ ಮಕ್ಕಳು

ನನ್ನ ಊರು ಕೊಲ್ಹಾರ. ಕೃಷ್ಣೆಯ ದಂಡೆಯ ಊರು. ಮಡಕೆಯ ಗಟ್ಟಿ ಮೊಸರಿಗೆ ಹೆಸರಾದ ಊರು. ಈಗ ನೀವು ಕಾಣುವ ಕೊಲ್ಹಾರ ಹೊಸದು. ನಾನು ಹುಟ್ಟಿ ಬೆಳೆದ ಹಳೆಯ ಕೊಲ್ಹಾರ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಯಿತು. ಮುಳುಗಡೆ ಖಚಿತವಾದ ಮೇಲೆ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚತೊಡಗಿದರು. ತೊಲೆ, ಜಂತಿ, ಬಾಗಿಲುಗಳನ್ನು ಬಂಡಿಯಲ್ಲಿ ಹೇರಿಕೊಂಡು ಹೊಸ ಜಾಗಕ್ಕೆ ನಡೆದರು. ನನ್ನ ತಂದೆಯವರು ಎಲ್ಲಕ್ಕಿಂತ ಮೊದಲು ಕೀಳಿಸಿದ್ದು ತಲೆಬಾಗಿಲ ಹೊಸ್ತಿಲನ್ನು. “ಗ್ವಾಡಿ ಬೇಕಾದ್ರ ಹೊಸಾದು ಕಟ್ಟೂಣು, ಹೊಸ್ತಲಾ ಮಾತ್ರ ಹಿರ್‍ಯಾರದ ಇರಬೇಕು” ಎಂದರು. ಮನೆಯೆಂದರೆ ಗೋಡೆಯಲ್ಲ, ಒಳಗೆ ಬರಮಾಡಿಕೊಳ್ಳುವ ಹೊಸ್ತಿಲು ಎಂಬುದು ಅವರ ನಂಬಿಕೆಯಾಗಿತ್ತು.

ಆಗ ನಮಗೆ ‘ಮುಳುಗಡೆ ಸಂತ್ರಸ್ತರು’ ಎಂಬ ಹೆಸರು ಬಂತು. ಪರಿಹಾರ ಬಂತು, ನಿವೇಶನ ಬಂತು. ಮನೆ ಕಳೆದುಕೊಂಡವರ ದುಃಖಕ್ಕೆ ಒಂದು ಹೆಸರೂ ಇತ್ತು, ಕೇಳಿಕೊಳ್ಳಲು ಒಂದು ಕಚೇರಿಯೂ ಇತ್ತು. ಆದರೆ ಯಾವ ಹೊಳೆಯೂ ಏರಿ ಬಾರದೆ, ಯಾವ ನೋಟೀಸೂ ಇಲ್ಲದೆ, ತಂದೆತಾಯಿ ಇರುವ ಮನೆಯನ್ನೇ ಕಳೆದುಕೊಳ್ಳುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದು ಇಂದು ಬಂದಿದ್ದೇನೆ.

ಗಂಡಾಗಿ ಹುಟ್ಟಿಯೂ ತಾನು ಹೆಣ್ಣೆಂದು ಅರಿಯುವ ಮಗು, ಹೆಣ್ಣಾಗಿ ಹುಟ್ಟಿಯೂ ತಾನು ಗಂಡೆಂದು ಅರಿಯುವ ಮಗು, ಹುಡುಗನನ್ನೇ ಮೆಚ್ಚುವ ಹುಡುಗ, ಹುಡುಗಿಯನ್ನೇ ಮೆಚ್ಚುವ ಹುಡುಗಿ: ಇವರನ್ನೆಲ್ಲ ಇಂದಿನ ಕನ್ನಡ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದು ಕರೆಯುತ್ತದೆ. ಮಾತು ಉದ್ದವಾಯಿತು, ಕಚೇರಿಯ ವಾಸನೆಯೂ ಅದಕ್ಕಿದೆ. ಆದರೂ ಅದು ಬೇಕು. ಏಕೆಂದರೆ ಅದಕ್ಕೆ ಮೊದಲು ಓಣಿಯಲ್ಲಿ, ಶಾಲೆಯ ಅಂಗಳದಲ್ಲಿ ಬಳಕೆಯಲ್ಲಿದ್ದ ಮಾತುಗಳು ಬಹುಮಟ್ಟಿಗೆ ಬೈಗುಳಗಳೇ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಮಗುವಿಗೆ ತನ್ನ ಒಳಗಿನದು ಮೆಲ್ಲನೆ ತಿಳಿಯತೊಡಗುತ್ತದೆ. ಅದೇ ಹೊತ್ತಿಗೆ ಇನ್ನೊಂದೂ ತಿಳಿಯುತ್ತದೆ: ತನ್ನನ್ನು ಹೆಸರಿಸುವ ಮಾತು ಒಂದು ಬೈಗುಳವೆಂಬುದು. ಅಂದಿನಿಂದ ಆ ಮಗು ಮಾತು ಕಡಿಮೆ ಮಾಡುತ್ತದೆ.

ಈ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಏಕಿಲ್ಲವೆಂಬುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

1990ರ ಸುಮಾರಿನ ಮಾತು. ನಾನು ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಪಿ.ಯು. ತರಗತಿಯಲ್ಲಿ ಹದಿನಾರರ ಹುಡುಗನೊಬ್ಬನಿದ್ದ. ಓದಿನಲ್ಲಿ ಜಾಣ. ದನಿ ತೆಳುವು, ಮಾತನಾಡುವಾಗ ಕೈ ಬಳುಕುತ್ತಿತ್ತು. ಹಾಜರಿ ಕೂಗುವಾಗ ಅವನ ಸರದಿ ಬಂದರೆ ಹಿಂದಿನ ಬೆಂಚುಗಳಿಂದ ಸಿಳ್ಳು ಕೇಳಿಸುತ್ತಿತ್ತು. ಒಂದು ದಿನ ಪದ್ಯ ಓದಲು ಅವನನ್ನು ಎಬ್ಬಿಸಿದೆ. ನಾಲ್ಕು ಸಾಲು ಓದಿದ; ಗದ್ದಲವೆದ್ದಿತು. ಗದ್ದಲ ಮಾಡಿದವರನ್ನು ಗದರಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟು, “ಗಂಡುಮಗನ್ಹಂಗ ಓದಪಾ” ಎಂದೆ. ವಿನೋದಕ್ಕೆಂದೇ ಆಡಿದ್ದು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಪುಸ್ತಕ ಮುಚ್ಚಿ ಕುಳಿತ. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬಿದ್ದವು.

ಎರಡು ತಿಂಗಳಾದ ಮೇಲೆ ಅವನ ತಂದೆ ಬಂದರು. ಒಕ್ಕಲುತನದ ಮನುಷ್ಯ, ರುಮಾಲು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. “ಹುಡುಗನ ಮೈಯಾಗ ಯಲ್ಲಮ್ಮ ಬಂದಾಳ್ರಿ ಸರ. ಇನ್ನ ಅವಗ ಸಾಲಿ ಯಾಕ್ರಿ? ಅವನ ಕಾಗದಪತ್ರ ಕೊಟ್ಟಬಿಡ್ರಿ” ಎಂದರು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫಾರಂ ತೆಗೆದು, ‘ಬಾಕಿ ಏನೂ ಇಲ್ಲ’ ಎಂದು ಬರೆದು ರುಜು ಹಾಕಿದೆ. ಗ್ರಂಥಾಲಯದ ಪುಸ್ತಕಗಳ ಮಟ್ಟಿಗೆ ಆ ಮಾತು ನಿಜವೇ. ಆ ಹುಡುಗನನ್ನು ನಾನು ಮತ್ತೆ ಕಂಡಿಲ್ಲ.

ಯಲ್ಲಮ್ಮ ಬಂದಾಳೆ ಎಂಬ ಮಾತಿನ ಅರ್ಥ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಇವರ ಭಕ್ತಪರಂಪರೆಯಲ್ಲಿ ಜೋಗಪ್ಪಗಳೆಂಬ ಒಂದು ಸಮುದಾಯವಿದೆ. ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿ ತೋರುವ ಹುಡುಗನನ್ನು ದೇವಿ ತನ್ನವನನ್ನಾಗಿ ಆರಿಸಿಕೊಂಡಿದ್ದಾಳೆಂದು ಜನ ನಂಬುತ್ತಾರೆ. ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಬಳೆ ತೊಟ್ಟು, ದೇವಿಯ ಮೂರ್ತಿಯುಳ್ಳ ಜಗವನ್ನು ತಲೆಯ ಮೇಲೆ ಹೊತ್ತು ಅವರು ಮನೆಮನೆಗೆ ಬರುತ್ತಾರೆ. ಚೌಡಿಕೆಯ ನಾದಕ್ಕೆ ಹಾಡುತ್ತಾರೆ, ಕುಣಿಯುತ್ತಾರೆ, ಜೋಗು ಬೇಡುತ್ತಾರೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಗುಡ್ಡಕ್ಕೆ ಹೋದವರು ಅವರ ಕಾಲಿಗೆ ಬಿದ್ದು ಭಂಡಾರ ಹಚ್ಚಿಸಿಕೊಂಡು ಬರುವುದುಂಟು.

ಲೋಕದ ಅನೇಕ ಕಡೆ ಇಂಥ ಮಕ್ಕಳಿಗೆ ಕಲ್ಲೇ ಗತಿಯಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಗಾಡು ಅವರಿಗೆ ದೇವಿಯ ಉಡಿಯಲ್ಲಿ ಒಂದು ಎಡೆ ಮಾಡಿಕೊಟ್ಟಿತು. ಇದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಆ ಎಡೆಗೆ ತೆತ್ತ ಬೆಲೆಯೇನು? ಮುತ್ತು ಕಟ್ಟಿಸಿಕೊಂಡ ಹುಡುಗನಿಗೆ ಅನೇಕ ಸಲ ಶಾಲೆ ತಪ್ಪಿತು, ಮನೆ ತಪ್ಪಿತು. ಕಾಲಿಗೆ ಬೀಳುವ ಊರು ಕೆಲಸ ಕೊಡಲಿಲ್ಲ, ಬಾಡಿಗೆಗೆ ಕೋಣೆ ಕೊಡಲಿಲ್ಲ. ದೇವಿಯ ಹೆಸರಿನಲ್ಲಿ ಕೈ ಮುಗಿದೆವು. ಮಗನೆಂದು ಊಟಕ್ಕೆ ಕರೆಯಲಿಲ್ಲ.

ಮಂಜಮ್ಮ ಜೋಗತಿಯವರ ಬಾಳು ಈ ಮಾತಿಗೆ ಸಾಕ್ಷಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಗ್ರಾಮದ ಮಂಜುನಾಥ ಶೆಟ್ಟಿ ಎಂಬ ಹುಡುಗ ಹದಿಹರೆಯದಲ್ಲಿ ತನ್ನನ್ನು ಹೆಣ್ಣೆಂದು ಕಂಡುಕೊಂಡ. ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಒಯ್ದು ಜೋಗತಿಯ ದೀಕ್ಷೆ ಕೊಡಿಸಿದರು. ಆಮೇಲೆ ಮನೆಯಲ್ಲಿ ಇರುವಂತಾಗಲಿಲ್ಲ. ಬೀದಿಯಲ್ಲಿ ಬೇಡಿ, ಹಲ್ಲೆಗಳಿಗೆ ಮೈಯೊಡ್ಡಿ, ಬದುಕೇ ಬೇಡವೆನಿಸಿದ ಗಳಿಗೆಯನ್ನೂ ದಾಟಿ, ಆಕೆ ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯವನ್ನು ತಪಸ್ಸಿನಂತೆ ಕಲಿತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ಕಂಡು ಹಿಗ್ಗಿತು. ನಾನೂ ಹಿಗ್ಗಿದೆ. ಆದರೆ ಕಣ್ಣೊರೆಸಿಕೊಂಡ ಮೇಲೆ ನನ್ನ ಮನಸ್ಸು ಹಿಂದಕ್ಕೆ ಹೋಯಿತು. ಆ ಹದಿಹರೆಯದ ಮಗುವಿಗೆ ಬೇಕಾಗಿದ್ದದ್ದು ಪ್ರಶಸ್ತಿಯೆ? ರಾತ್ರಿಯ ಊಟ, ಮಲಗಲು ಮನೆಯ ಮೂಲೆ, ಮರುದಿನ ಶಾಲೆಗೆ ಹೋಗುವ ಧೈರ್ಯ, ಇಷ್ಟೇ ತಾನೆ? ಪದ್ಮಶ್ರೀ ತಲುಪಿದವರು ಒಬ್ಬರು. ತಲುಪದೆ ದಾರಿಯಲ್ಲಿ ಉಳಿದವರ ಲೆಕ್ಕ ಯಾರ ಬಳಿ ಇದೆ? 2011ರ ಜನಗಣತಿಯಲ್ಲಿ ಗಂಡೆಂದಾಗಲಿ ಹೆಣ್ಣೆಂದಾಗಲಿ ಬರೆಸದೆ ‘ಇತರ’ ಎಂದು ದಾಖಲಾದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266. ಹೇಳಿಕೊಳ್ಳಲು ಅಂಜಿದವರು ಈ ಎಣಿಕೆಗೆ ಹೊರಗು.

ಇನ್ನು, ದೇವಿಯ ಬಾಗಿಲೂ ಇಲ್ಲದ ಮಕ್ಕಳಿದ್ದಾರೆ. ನಡೆನುಡಿಯಲ್ಲಿ ಎಲ್ಲ ಹುಡುಗರಂತೆಯೇ ಇದ್ದು ಒಲವು ಮಾತ್ರ ಹುಡುಗನ ಮೇಲಿರುವ ಹುಡುಗ ಎಲ್ಲಿಗೆ ಹೋಗಬೇಕು? ಅವನ ಪಾಡಿಗೆ ಕನ್ನಡದಲ್ಲಿ ಬಹುಕಾಲ ಒಂದು ಕಥೆಯೂ ಇದ್ದಂತಿರಲಿಲ್ಲ. ಸಂಡೂರಿನವರಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂದಾಗ ನಾನು ಅದನ್ನು ಮೊದಲು ಓದಿದ್ದು ಪ್ರಾಧ್ಯಾಪಕನ ಗತ್ತಿನಿಂದ. ಎರಡನೆಯ ಸಲ ಓದಿದ್ದು ತಪ್ಪಿತಸ್ಥನಾಗಿ. ಹುಡುಗನೊಬ್ಬ ತನ್ನ ಓಣಿಯಲ್ಲಿ, ತನ್ನವರ ನಡುವೆಯೇ ಎಂಥ ಒಂಟಿತನವನ್ನು ಹೊರಬಲ್ಲನೆಂಬುದು ಅಲ್ಲಿ ಮನೆಮಾತಿನ ಕನ್ನಡದಲ್ಲಿಯೇ ಇದೆ. ಇದು ದೂರದ ದೇಶದ ಸುದ್ದಿಯಲ್ಲ, ಪಕ್ಕದ ಮನೆಯ ಸುದ್ದಿಯೆಂದು ಆ ಪುಸ್ತಕ ನನ್ನಂಥವರಿಗೆ ಕಲಿಸಿತು.

ಹುಡುಗಿಯರ ಪಾಡು ಇನ್ನೂ ಇಕ್ಕಟ್ಟಿನದು. ಮಗಳ ಮನಸ್ಸು ಬೇರೆಯೆಂಬ ಸುಳಿವು ಸಿಕ್ಕ ಕೂಡಲೆ ಮನೆಯವರಿಗೆ ಹೊಳೆಯುವ ಔಷಧ ಮದುವೆ. ಶಾಲೆ ಬಿಡಿಸುತ್ತಾರೆ, ಗೆಳತಿಯ ಮನೆಗೆ ಹೋಗುವುದನ್ನು ನಿಲ್ಲಿಸುತ್ತಾರೆ, ಸೋದರಮಾವನಿಗೋ ದೂರದ ವರನಿಗೋ ಧಾರೆಯೆರೆದುಬಿಡುತ್ತಾರೆ. ಅಕ್ಷತೆ ಬಿದ್ದ ಮೇಲೆ ಆ ಮೌನಕ್ಕೆ ಸುಖಸಂಸಾರವೆಂದು ಹೆಸರು. ಬಾಯಿ ಬಿಡದ ಒಬ್ಬಳ ದುಃಖದ ಜೊತೆಗೆ, ಏನೂ ಅರಿಯದೆ ತಾಳಿ ಕಟ್ಟಿದ ಇನ್ನೊಬ್ಬನ ದುಃಖವೂ ಅದರಲ್ಲಿ ಸೇರಿರುತ್ತದೆ.

ತಂದೆತಾಯಿಗಳು ಕೇಡಿಗರೆಂದು ನಾನು ಹೇಳುತ್ತಿಲ್ಲ. ರುಮಾಲು ಕೈಯಲ್ಲಿ ಹಿಡಿದು ನಿಂತ ಆ ತಂದೆಯ ಮುಖ ನನಗೆ ನೆನಪಿದೆ. ಅದರಲ್ಲಿ ಇದ್ದದ್ದು ಸಿಟ್ಟಲ್ಲ, ಅಂಜಿಕೆ. ಊರು ಏನೆಂದೀತು, ತಂಗಿಯರ ಮದುವೆ ಹೇಗಾದೀತು, ನಾನು ಸತ್ತ ಮೇಲೆ ಇವನಿಗಾರು, ಈ ಪ್ರಶ್ನೆಗಳ ಭಾರ ಅದರ ಮೇಲಿತ್ತು. ಅಂಜಿಕೆಯಿಂದಲೇ ಹೊಡೆಯುತ್ತಾರೆ, ಹರಕೆ ಹೊರುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಡಾಕ್ಟರ ಬಳಿಗೆ ಒಯ್ದು ‘ಸರಿ ಮಾಡಿಕೊಡಿ’ ಎಂದು ಕೈ ಮುಗಿಯುತ್ತಾರೆ. ಅವರಿಗೆ ತಿಳಿಯಬೇಕಾದ ಸಂಗತಿ ಒಂದಿದೆ. ಸಲಿಂಗ ಒಲವು ರೋಗವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದು 1990ರ ಮೇ 17ರಂದು. ಅಂದರೆ ನಾನು ಆ ಹುಡುಗನನ್ನು ತರಗತಿಯಲ್ಲಿ ನಗೆಪಾಟಲು ಮಾಡಿದ ಕಾಲಕ್ಕೇ ಲೋಕದ ವೈದ್ಯರು ಈ ತೀರ್ಮಾನಕ್ಕೆ ಬಂದಿದ್ದರು. ಇಂಥವರನ್ನು ‘ಬದಲಾಯಿಸುತ್ತೇವೆ’ ಎಂದು ಚಿಕಿತ್ಸೆ ಮಾಡುವುದು ವೈದ್ಯವೃತ್ತಿಗೆ ಸಲ್ಲದ ದುರ್ನಡತೆಯೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ರೋಗವಿಲ್ಲದಲ್ಲಿ ಮದ್ದು ಕುಡಿಸಿದರೆ ಮದ್ದೇ ರೋಗವಾಗುತ್ತದೆ.

ಮನೆಯ ಹೊಸ್ತಿಲಾದ ಮೇಲೆ ಶಾಲೆಯ ಹೊಸ್ತಿಲು. ಪ್ರಾರ್ಥನೆಗೆ ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ಎರಡಕ್ಕೂ ಸೇರದ ಮಗು ಎಲ್ಲಿ ನಿಲ್ಲಬೇಕು? ಮೂತ್ರಕ್ಕೆ ಹೋಗುವ ಜಾಗವೇ ಅದಕ್ಕೆ ಭಯದ ಜಾಗ. ಅಲ್ಲಿಗೆ ಹೋಗುವುದು ತಪ್ಪಲೆಂದು ದಿನವಿಡೀ ನೀರು ಕುಡಿಯದೆ ಕುಳಿತುಕೊಳ್ಳುವ ಮಕ್ಕಳಿದ್ದಾರೆ. ನೆರೆಯ ತಮಿಳುನಾಡಿನಲ್ಲಿ ಸುಮಾರು ನಾನೂರು ಮಂದಿಯನ್ನು ಮಾತನಾಡಿಸಿ ಯುನೆಸ್ಕೊ 2019ರಲ್ಲಿ ಒಂದು ವರದಿ ಹೊರತಂದಿತು. ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ಸಹಪಾಠಿಗಳ ಕಾಟ ತಾಳದೆ ಶಾಲೆ ಬಿಟ್ಟಿದ್ದರು. ಇದನ್ನು ಇನ್ನೊಂದು ಸಂಗತಿಯೊಡನೆ ಇಟ್ಟು ನೋಡಿರಿ. 2021ರಲ್ಲಿ ಕರ್ನಾಟಕ ಸರಕಾರ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿ ತಂದಿತು. ದೇಶಕ್ಕೇ ಮೇಲ್ಪಂಕ್ತಿಯಾದ ಹೆಜ್ಜೆ ಅದು. ಆದರೆ ಹುದ್ದೆಗೆ ಅರ್ಜಿ ಹಾಕಲು ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಬೆಂಚಿನಲ್ಲಿ ಕುಳಿತಿರಬೇಕು. ಹದಿನಾರರಲ್ಲಿ ಬೆಂಚಿನಿಂದ ಎದ್ದುಹೋದವನಿಗೆ ಮೂವತ್ತರಲ್ಲಿ ತೆರೆದ ಬಾಗಿಲು ಯಾವ ಪ್ರಯೋಜನಕ್ಕೆ? ಅವನನ್ನು ಎಬ್ಬಿಸಿ ಕಳಿಸಿದ್ದು ಸರಕಾರವಲ್ಲ; ಒಬ್ಬ ಮೇಷ್ಟರ ವಿನೋದ.

ಮೂರನೆಯದು ಧರ್ಮದ ಹೊಸ್ತಿಲು. ಗುಡಿಯಿರಲಿ, ಮಠವಿರಲಿ, ಮಸೀದಿಯಿರಲಿ, ಚರ್ಚಿರಲಿ, ಪಾಪದ ಮಾತು ಬಂದಾಗ ಮಗು ತನ್ನನ್ನೇ ಕುರಿತು ಹೇಳುತ್ತಿದ್ದಾರೆಂದು ಕುಗ್ಗಿ ಕೂರುತ್ತದೆ. ದೊಡ್ಡವರಿಗೆ ಧರ್ಮಸಭೆ ಬೇಡವೆನಿಸಿದರೆ ಎದ್ದು ಬರಬಹುದು; ಮಗುವಿಗೆ ಹಬ್ಬ, ಜಾತ್ರೆ, ಗೆಳೆಯರು, ಅಜ್ಜಿಯ ಕಥೆ ಎಲ್ಲವೂ ಅಲ್ಲಿಯೇ ಇರುತ್ತವೆ. ದೇವರು ತನ್ನನ್ನು ಒಲ್ಲನೆಂದು ಹದಿಮೂರರ ಮಗು ನಂಬಿಬಿಟ್ಟರೆ ಅದಕ್ಕೆ ಇನ್ನಾವ ಆಸರೆ?

ನಮ್ಮ ಗ್ರಂಥಗಳನ್ನಾದರೂ ನಾವು ಸರಿಯಾಗಿ ಓದಿದ್ದೇವೆಯೆ? ‘ಶಿಖಂಡಿ’ ಎಂಬುದು ಕನ್ನಡದಲ್ಲಿ ಬೈಗುಳವಾಗಿದೆ. ಭೀಷ್ಮನೆದುರು ರಥದಲ್ಲಿ ನಿಂತ ಶಿಖಂಡಿಯನ್ನು ಎಲ್ಲರೂ ಬಲ್ಲೆವು; ಅದಕ್ಕೆ ಮುಂಚಿನ ಶಿಖಂಡಿಯನ್ನು ಮರೆತಿದ್ದೇವೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನ ಎಳೆಯ ದಿನಗಳ ಕಥೆಯಿದೆ. ದ್ರುಪದನ ಮನೆಯಲ್ಲಿ ಹೆಣ್ಣಾಗಿ ಹುಟ್ಟಿದ ಮಗುವನ್ನು ಗಂಡೆಂದು ಸಾರಿ ಬೆಳೆಸಿದರು, ದಶಾರ್ಣದ ರಾಜಕುಮಾರಿಯೊಡನೆ ಮದುವೆಯನ್ನೂ ಮಾಡಿದರು. ನಿಜ ಬಯಲಾದಾಗ ಬೀಗರ ದಂಡು ಏರಿ ಬರುವುದರಲ್ಲಿತ್ತು. ತನ್ನಿಂದ ತಂದೆತಾಯಿಗೆ ಬಂದ ಸಂಕಟವನ್ನು ಕಂಡ ಆ ಮಗು ಸಾಯಲೆಂದು ಮನೆ ಬಿಟ್ಟು ಕಾಡು ಸೇರಿತು. ಅಲ್ಲಿ ಒಬ್ಬ ಯಕ್ಷ ಸಿಕ್ಕ, ಏನಾಯಿತೆಂದು ಕೇಳಿದ, ತನ್ನದೇ ಗಂಡುತನವನ್ನು ಕೊಟ್ಟು ಕಾಪಾಡಿದ. ಇಂದೂ ನಮ್ಮ ಬಸ್‌ ನಿಲ್ದಾಣಗಳಿಂದ ರಾತ್ರಿಯ ಬಸ್ಸು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೊರಡುವ ಮಕ್ಕಳಲ್ಲಿ ಶಿಖಂಡಿಯರಿದ್ದಾರೆ. ಏನಾಯಿತೆಂದು ಕೇಳುವ ಯಕ್ಷರು ವಿರಳ.

ವಚನಕಾರರ ನಾಡಿನವರು ನಾವು. ಆತ್ಮವು ಹೆಣ್ಣೂ ಅಲ್ಲ ಗಂಡೂ ಅಲ್ಲವೆಂಬ ಜೇಡರ ದಾಸಿಮಯ್ಯನವರ ವಚನವನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದೇನೆ. ಪರೀಕ್ಷೆಯಲ್ಲಿ ಸ್ವಾರಸ್ಯ ಬರೆಯಿರಿ ಎಂದು ಕೇಳಿದ್ದೇನೆ. ಮಂಜಮ್ಮನವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರಿಟ್ಟದ್ದನ್ನು ಕಂಡಾಗ, ಆ ವಚನದ ಅರ್ಥ ನನಗಿಂತ ಅವರಿಗೆ ಚೆನ್ನಾಗಿ ತಿಳಿದಿದೆಯೆಂದು ಒಪ್ಪಿದೆ. ನಾನು ಅದನ್ನು ಬಾಯಿಪಾಠ ಮಾಡಿಸಿದೆ. ಅವರು ಅದನ್ನು ಬಾಳಿದರು.

ಕಾನೂನು ಈಚೆಗೆ ಕೆಲವು ಹೆಜ್ಜೆ ಇಟ್ಟಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಗಂಡು ಹೆಣ್ಣೆಂಬ ಎರಡರಾಚೆಗೂ ಲಿಂಗತ್ವವುಂಟೆಂದು ಮನ್ನಿಸಿತು. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೆಯ ಕಲಮು, ಪ್ರಾಯ ಬಂದವರ ಒಮ್ಮತದ ಒಲವಿಗೆ ಅನ್ವಯಿಸದೆಂದು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇವೆಲ್ಲ ದೊಡ್ಡ ಮಾತುಗಳು. ಆದರೆ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಮಧುರೆಯ ಇಬ್ಬರು ತರುಣಿಯರು ಪರಸ್ಪರ ಒಲಿದು, ಮನೆಯವರಿಗೆ ಅಂಜಿ ಚೆನ್ನೈಗೆ ಬಂದು ಮದರಾಸು ಹೈಕೋರ್ಟಿನ ಮೊರೆಹೊಕ್ಕರು. ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರು, ಈ ವಿಷಯದಲ್ಲಿ ತಾವು ಅಜ್ಞರೆಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕುಳಿತು ತಿಳಿದುಕೊಂಡು, ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ಹೈಕೋರ್ಟಿನ ನ್ಯಾಯಾಧೀಶರು ಕಲಿಯಲು ಕುಳಿತರು! ಕಾಲೇಜಿನ ಮೇಷ್ಟರು, ಹಳ್ಳಿಯ ಹಿರಿಯರು, ಮಠದ ಸ್ವಾಮಿಗಳು ಕುಳಿತರೆ ಯಾರ ಪದವಿಗೂ ಕುಂದು ಬರಲಾರದು.

ಏನು ಮಾಡಬೇಕೆಂದು ನೀವು ಕೇಳಬಹುದು. ಬಹಳವೇನಿಲ್ಲ. ಮಗು ಬಾಯಿ ಬಿಟ್ಟ ದಿನ ತೀರ್ಪು ಕೊಡಬೇಡಿರಿ, ಊಟಕ್ಕೆ ಬಡಿಸಿರಿ. ಅದು ತನ್ನ ಗುಟ್ಟನ್ನು ನಿಮ್ಮ ಕೈಯಲ್ಲಿಟ್ಟಿದೆ; ಅದರ ಒಪ್ಪಿಗೆಯಿಲ್ಲದೆ ನೆಂಟರ ಕಿವಿಗೆ ಹಾಕಬೇಡಿರಿ. ತರಗತಿಯಲ್ಲಿ ಸಿಳ್ಳು ಬಿದ್ದರೆ ಸಿಳ್ಳು ಹಾಕಿದವನನ್ನು ಎಬ್ಬಿಸಿ ನಿಲ್ಲಿಸಿರಿ, ಓದುತ್ತಿದ್ದವನನ್ನಲ್ಲ. ಸಭೆಯಲ್ಲಿ ಧರ್ಮ ಹೇಳುವವರು ಬೈಗುಳ ಬಾಯಿಗೆ ಬಂದಾಗ, ಎದುರಿಗೆ ಕುಳಿತ ಮಕ್ಕಳ ಮುಖಗಳನ್ನೊಮ್ಮೆ ನೋಡಿಕೊಳ್ಳಲಿ. ಸಂಕಟದಲ್ಲಿರುವ ಮಗುವೊಂದು ಈ ಮಾತನ್ನು ಕೇಳುತ್ತಿದ್ದರೆ, ಮಕ್ಕಳ ನೆರವಿಗೆ 1098, ಮನಸ್ಸಿನ ನೋವಿಗೆ 14416, ಈ ಎರಡು ಟೆಲಿಫೋನ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲಿ. ಕತ್ತಲು ಕವಿದ ರಾತ್ರಿ ಒಬ್ಬರೊಡನೆ ಮಾತನಾಡಿದರೆ ಬೆಳಗಾಗುತ್ತದೆ.

ನಮ್ಮ ತಾಲೂಕಿನ ನೆರೆಯಲ್ಲೇ ಬಸವನ ಬಾಗೇವಾಡಿ. ಅಲ್ಲಿ ಬೆಳೆದ ಬಸವಣ್ಣನವರು ದೇವರಲ್ಲಿ ಬೇಡಿದ್ದು ಸ್ವರ್ಗವನ್ನಲ್ಲ. ಈ ಮನೆಗೆ ಸೇರಿದವನೆಂದು ತನ್ನನ್ನು ಎಣಿಸಬೇಕೆಂದು ಬೇಡಿದರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಮ್ಮ ಮಕ್ಕಳು ಬೇಡುತ್ತಿರುವುದೂ ಅದನ್ನೇ. ದೇವಿಯ ಅಂಗಳದಲ್ಲಿ ಪೂಜೆ ಬೇಡ, ಬೀದಿಯಲ್ಲಿ ಕಲ್ಲೂ ಬೇಡ. ಮನೆಯ ಮಕ್ಕಳೆಂದು ಎಣಿಸಿಕೊಳ್ಳಬೇಕು, ಅಷ್ಟೆ.

ಹಳೆಯ ಕೊಲ್ಹಾರದ ನಮ್ಮ ಹೊಸ್ತಿಲು ಈಗ ಹೊಸ ಮನೆಯ ಬಾಗಿಲಲ್ಲಿದೆ. ಒಂದು ಮರದ ತುಂಡನ್ನು ನೀರಿಗೆ ಬಿಡಲೊಲ್ಲದೆ ಮೈಲಿಗಟ್ಟಲೆ ಹೊತ್ತು ತಂದವರು ನಾವು. ಮಕ್ಕಳನ್ನು ಬಿಟ್ಟುಕೊಡಬಹುದೆ? ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿಯಾದರೂ ಇದ್ದು ಈ ಮಾತು ಅವನ ಕಿವಿಗೆ ಬಿದ್ದರೆ, ಇಷ್ಟು ತಿಳಿಯಲಿ: ಬಾಕಿ ಏನೂ ಇಲ್ಲವೆಂದು ನಾನು ಬರೆದದ್ದು ತಪ್ಪು. ಬಾಕಿ ಇದೆ.